ಎರಡು ಕೈಯ ದೋಟಿ

ಶಶಿಕಿರಣನ ಮೊಬೈಲು ನವೆಂಬರಿನಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪರಿನ ತೊಟ್ಟಿಗೆ ಬಿದ್ದು ಎದ್ದ ಮೇಲೆ ಅದಕ್ಕೊಂದು ದುರಭ್ಯಾಸ ಅಂಟಿಕೊಂಡಿತ್ತು. ಕಿವಿಗಿಟ್ಟರೆ ತುಟಿಪಿಟಕ್ ಎನ್ನುತ್ತಿರಲಿಲ್ಲ. ಸ್ಪೀಕರ್ ಹಾಕಿದರೆ ಮಾತ್ರ ಮಾತಾಡುತ್ತಿತ್ತು, ಅದೂ ಇಡೀ ಮನೆಗೆ ಕೇಳುವಂತೆ. ರಿಪೇರಿಗೆ ಕೊಟ್ಟರೆ ಅಷ್ಟು ದಿನ ಮೊಬೈಲಿಲ್ಲದೆ ಇರಬೇಕಲ್ಲ ಎಂದು ಅವನು ಹಾಗೇ ದಿನ ದೂಡುತ್ತಿದ್ದ. ಸೋಮಾರಿಗಳಿಗೆ ಇಂಥ ಕಾರಣಗಳು ಬೇಗ ಸಿಗುತ್ತವೆ. ಅದರ ಫಲವನ್ನು ಅವನು ಉಂಡದ್ದು ಡಿಸೆಂಬರಿನ ಒಂದು ಬೆಳಿಗ್ಗೆ, ಅಕ್ಕಿರೊಟ್ಟಿಯ ಜೊತೆಗೆ.

"ಶಶಿಕಿರಣ್ ಸರ್ ಅಲ್ವಾ? ನಾನು ಮೂಡಿಗೆರೆ ಕೊರಿಯರ್ ಆಫೀಸಿಂದ ರೇವತಿ," ಎಂದಿತು ಮೊಬೈಲು, ತಟ್ಟೆಯ ಪಕ್ಕದಿಂದ. "ನಿಮ್ದೊಂದು ಪಾರ್ಸೆಲ್ ಬಂದಿದೆ ಸರ್. ಆಳುದ್ದ ಇದೆ, ಬೈಕಲ್ಲಿ ಕಳ್ಸೋಕಾಗಲ್ಲ, ನೀವೇ ಬಂದು ತಗೊಂಡ್ಹೋಗಿ. ಅಲ್ಲಾಡಿಸಿದ್ರೆ ಒಳಗೆ ಕೋಲಿನ ಥರ ಶಬ್ದ ಬರುತ್ತೆ. ಎಂತ ಸರ್ ಅದು?"

ಈ ಹೆಣ್ಣುಮಗಳಿಗೆ ಅದೆಲ್ಲ ಯಾಕೆ ಬೇಕಿತ್ತೋ. ರೊಟ್ಟಿ ತಟ್ಟುತ್ತಿದ್ದ ತಾಯಿ ಗಿರಿಜಾಂಬಾ ಕೈ ನಿಲ್ಲಿಸಿ ಮಗನ ಮುಖ ನೋಡಿದರು. ಹೆಂಡತಿ ಸೌಮ್ಯ ಚಟ್ನಿಯ ಸೌಟನ್ನು ಗಾಳಿಯಲ್ಲೇ ಹಿಡಿದು ಗಂಡನ ಮುಖ ನೋಡಿದಳು. ಪಾರ್ಸೆಲಿನಲ್ಲಿ ಏನಿದೆಯೆಂದು ಆ ಮನೆಯಲ್ಲಿ ಗೊತ್ತಿದ್ದದ್ದು ಗಂಡಹೆಂಡಿರಿಬ್ಬರಿಗೇ.

"ದೋಟಿ," ಎಂದ ಶಶಿಕಿರಣ.

ಆ ಪದ ಬಾಯಿಗೆ ಹೇಗೆ ಬಂತೋ ಅವನಿಗೇ ತಿಳಿಯದು. ಮರದ ಮೇಲಿರುವುದನ್ನು ನೆಲದಲ್ಲೇ ನಿಂತು ಕೀಳುವ ಕೊಕ್ಕೆಕೋಲಿಗೆ ದೋಟಿ ಎನ್ನುತ್ತಾರಷ್ಟೆ. ಈಗೀಗ ಕಾರ್ಬನ್ ಫೈಬರಿನ ದೋಟಿಗಳು ಬಂದಿವೆ. ತುಂಡಿಗೆ ತುಂಡು ಸೇರಿಸುತ್ತಾ ಹೋದರೆ ಅಡಿಕೆ ಮರದ ನೆತ್ತಿ ಮುಟ್ಟುತ್ತವೆ. ಮರ ಹತ್ತುವವರು ಎಲ್ಲೂ ಸಿಗದ ಈ ಕಾಲದಲ್ಲಿ ಮೂಡಿಗೆರೆ ಸೀಮೆಯ ಮದುವೆಮನೆಗಳಲ್ಲೂ ಅದರದೇ ಮಾತು. ಉದ್ದದ ಪಾರ್ಸೆಲಿಗೆ ಇದಕ್ಕಿಂತ ಮರ್ಯಾದೆಯ ಸುಳ್ಳು ಇರಲಿಲ್ಲ.

"ಫೈಬರ್ ದೋಟಿನಾ?" ಗಿರಿಜಾಂಬಾ ಮುಖ ಅರಳಿತು. "ನಂಗೊಂದ್ಮಾತು ಹೇಳ್ಲೇ ಇಲ್ವಲ್ಲೋ. ಪಾಪ, ಪಕ್ಕದ ಸರೋಜಮ್ಮ ಅಡಿಕೆ ಮರದಲ್ಲೇ ಹಣ್ಣಾಗಿ ಉದುರಿಹೋಗ್ತಿದೆ ಅಂತ ದಿನಾ ಕಣ್ಣೀರು ಹಾಕ್ತಾರೆ. ಹೇಳಿ ಬರ್ತೀನಿ ಇರು."

ಅವರು ಸೆರಗಿಗೆ ಕೈ ಒರೆಸಿಕೊಂಡು ಹೊರಟೇಹೋದರು. ಹೆಂಚಿನ ಮೇಲಿನ ರೊಟ್ಟಿ ಕರಕಲಾಗತೊಡಗಿತು.

"ಹಿಂದೇನೇ ಹೋಗಿ ನಿಜ ಹೇಳಿಬಿಡಿ," ಎಂದಳು ಸೌಮ್ಯ. "ನಿಜ ಹೇಳಿದ್ರೆ ನಾಲ್ಕು ದಿನ ಬೇಜಾರು ಮಾಡ್ಕೋತಾರೆ, ಆಮೇಲೆ ಸರಿ ಹೋಗುತ್ತೆ."

"ಸಮಯ ನೋಡಿ ಹೇಳ್ತೀನಿ ಕಣೆ."

ನಿಜ ಏನೆಂದರೆ, ಆ ಪಾರ್ಸೆಲಿನಲ್ಲಿದ್ದದ್ದು ಮೀನು ಹಿಡಿಯುವ ಕೋಲು.

ಶಶಿಕಿರಣ ಹುಟ್ಟಿದ್ದು ಮೊಟ್ಟೆಯನ್ನೂ ಹೊಸಿಲು ದಾಟಿಸದ ವೀರಶೈವರ ಮನೆಯಲ್ಲಿ. ಚಿಕ್ಕಂದಿನಲ್ಲಿ ಒಮ್ಮೆ ಗೆಳೆಯ ದೇವರಾಜನ ಮನೆಯಲ್ಲಿ ಯಾರೋ ಕೈತೊಳೆಯಲು ಎದ್ದಾಗ, ಹುರಿದ ಮೀನಿದ್ದ ತಟ್ಟೆಯನ್ನು ಇವನು ಒಂದು ಗಳಿಗೆ ಹಿಡಿದು ನಿಂತಿದ್ದ. ಅಷ್ಟೇ. ವಾಸನೆ ಅಂಗಿಗೆ ಹತ್ತಿತು. ಗಿರಿಜಾಂಬಾ ಬೈಯಲಿಲ್ಲ, ಹೊಡೆಯಲಿಲ್ಲ. ಮಗನ ಜೊತೆ ಮಾತು ಬಿಟ್ಟು, ಊಟ ಬಿಟ್ಟು, ದೇವರ ಕೋಣೆಯಲ್ಲಿ ಕೂತುಬಿಟ್ಟರು. ಬೈದಿದ್ದರೆ ಅವನು ಮರೆತುಬಿಡುತ್ತಿದ್ದ. ಆ ಮೌನವನ್ನು ಈಗ ತಲೆಗೂದಲು ನೆರೆಯುತ್ತಿದ್ದರೂ ಮರೆತಿಲ್ಲ. ಕಾಫಿ ಬೆಲೆ ಬಿದ್ದರೆ ಹೆದರದವನು ಅಮ್ಮ ಮಾತು ಬಿಟ್ಟಾರು ಎಂದರೆ ಬೆವರುತ್ತಾನೆ.

ಅಂಥವನಿಗೆ ಮೀನಿನ ಕೋಲು ಯಾಕೆ ಬೇಕಾಯಿತು ಎಂದರೆ, ಅದಕ್ಕೆ ದೇವರಾಜನೇ ಕಾರಣ. ದೇವರಮನೆ ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಅವನದೊಂದು ಹೋಂಸ್ಟೇ ಇದೆ. ಹೋದ ವರ್ಷ ಅಲ್ಲಿಗೆ ಕೆನಡಾದ ವಾಲ್ಟರ್ ಎಂಬ ಮುದುಕ ಬಂದಿದ್ದ. ಒಂದು ಸಂಜೆ ಆ ಮುದುಕ ಹುಲ್ಲುಗುಡ್ಡದ ಮೇಲೆ ನಿಂತು, ಎರಡೂ ಕೈಯಲ್ಲಿ ಹಿಡಿಯುವ ಉದ್ದನೆಯ ಕೋಲೊಂದನ್ನು ಬೀಸಿದ. ದಾರದ ತುದಿಯಲ್ಲಿ ಗಾಳವಿರಲಿಲ್ಲ, ಕೆಂಪು ಉಲ್ಲನ್ನಿನ ಒಂದು ಕುಚ್ಚಿತ್ತು. ದಾರ ಅವನ ಪಕ್ಕದಲ್ಲೊಂದು ಸುತ್ತು ಹಾಕಿ, ಮುಂದಕ್ಕೆ ಬಿಚ್ಚಿಕೊಳ್ಳುತ್ತ ಬಿಚ್ಚಿಕೊಳ್ಳುತ್ತ ಹೋಗಿ, ಹುಲ್ಲಿನ ಮೇಲೆ ಸದ್ದಿಲ್ಲದೆ ಮಲಗಿತು. ಶಶಿಕಿರಣನ ಕಣ್ಣು ತುಂಬಿಬಂತು. ಯಾಕೆಂದು ಕೇಳಿದರೆ ಅವನು ಹೇಳಲಾರ. ಅಷ್ಟು ಚೆಂದದ್ದನ್ನು ಅವನು ಅದುವರೆಗೆ ನೋಡಿರಲಿಲ್ಲ.

"ಇದು ಸ್ಟೀಲ್‌ಹೆಡ್ ಅನ್ನೋ ಮೀನಿಗಂತೆ," ಎಂದು ದೇವರಾಜ ವಿವರಿಸಿದ್ದ. "ಸಮುದ್ರಕ್ಕೆ ಹೋಗಿ ಬೆಳೆದು ಮತ್ತೆ ಹೊಳೆಗೆ ಬರುತ್ತಂತೆ. ಸಾವಿರ ಸಲ ಬೀಸಿದ್ರೆ ಒಂದು ಸಿಗುತ್ತಂತೆ ಮಾರಾಯ. ಸಿಕ್ಕಿದ್ದನ್ನೂ ನೀರಿಗೇ ಬಿಟ್ಟು ಬರ್ತಾರಂತೆ."

ದೇವರಾಜ ಇದನ್ನು ಹುಚ್ಚುತನದ ಉದಾಹರಣೆಯಾಗಿ ಹೇಳಿದ್ದು. ಶಶಿಕಿರಣನಿಗೆ ಬೇರೆಯೇ ಹೊಳೆಯಿತು. ಬೀಸುವುದು ಹೆಚ್ಚು, ಸಿಗುವುದು ಇಲ್ಲವೇ ಇಲ್ಲ ಎನ್ನುವಷ್ಟು, ಕೊಲ್ಲುವುದಿಲ್ಲ, ತಿನ್ನುವುದಿಲ್ಲ. ಇದು ವೀರಶೈವರಿಗೆಂದೇ ಮಾಡಿದ ಮೀನುಗಾರಿಕೆ ಎಂದುಕೊಂಡ. ವಾಲ್ಟರ್ ಹೊರಡುವಾಗ, ಬೀಸುವುದನ್ನು ಕಲಿತುಕೊಂಡು ಕೆನಡಾಗೆ ಬಾ, ನಮ್ಮ ಹೊಳೆ ತೋರಿಸುತ್ತೇನೆ ಎಂದು ಬೇರೆ ಹೇಳಿಹೋದ.

ಅಲ್ಲಿಂದ ಶುರುವಾಯಿತು ಕೋಲಿನ ಆಯ್ಕೆ. ಹೆಣ್ಣು ನೋಡಲು ಬಂದಾಗಲೂ ನೀವು ಇಷ್ಟು ಯೋಚಿಸಿರಲಿಲ್ಲ ಎಂದು ಸೌಮ್ಯ ಆಗಾಗ ನೆನಪಿಸುತ್ತಿದ್ದಳು. ಒಂದು ಕೈಯ ಕೋಲಾದರೆ ದಾರವನ್ನು ಹಿಂದಕ್ಕೆಸೆದು ಮುಂದಕ್ಕೆ ತರಬೇಕು. ಇವನ ತೋಟದ ಕೆರೆಯ ಹಿಂದೆ ಸಿಲ್ವರ್ ಓಕು, ಅದರ ಮೈತುಂಬ ಮೆಣಸಿನ ಬಳ್ಳಿ. ಹಿಂದಕ್ಕೆ ಹೋದ ದಾರ ಮೆಣಸು ಕೊಯ್ಲು ಮುಗಿಸಿಯೇ ಬರುತ್ತಿತ್ತು. ಎರಡು ಕೈಯ ಕೋಲಿಗೆ ಹಿಂದೆ ಜಾಗ ಬೇಡ, ಹಾಗಾಗಿ ಅದೇ ಸರಿ ಎಂದಾಯಿತು. ಉದ್ದ ಎಷ್ಟು? ಸಣ್ಣ ಹೊಳೆಗೆ ಹನ್ನೊಂದಡಿ, ದೊಡ್ಡದಕ್ಕೆ ಹದಿನಾಲ್ಕು. ಕೆನಡಾದ ಹೊಳೆಯನ್ನೇ ನೋಡದವನು ಹದಿಮೂರೆಂದು ತೀರ್ಮಾನಿಸಿದ. ಕೋಲಿನ ಬಲಕ್ಕೆ ನಂಬರುಗಳಿದ್ದವು. ಆರು ತೀರಾ ನಾಜೂಕು, ಎಂಟು ಒರಟು, ಏಳಿರಲಿ ಎಂದ. ದಾರದಲ್ಲಿ ಎರಡು ಬಗೆ. ಉದ್ದ ತೆಳುವಿನದು ಪಳಗಿದವರಿಗೆ. ಗಿಡ್ಡ ದಪ್ಪನೆಯದು ಕಲಿಯುವವರ ತಪ್ಪನ್ನೆಲ್ಲ ಕ್ಷಮಿಸುತ್ತದೆಂದು ವಿಡಿಯೋದವನು ಹೇಳಿದ. ಕ್ಷಮಿಸುವ ವಸ್ತುವೊಂದು ಜಗತ್ತಿನಲ್ಲಿದೆ ಎಂದು ಕೇಳಿ ಶಶಿಕಿರಣ ಮರುಮಾತಾಡದೆ ಅದನ್ನೇ ಆರಿಸಿದ. ದಾರ ಸುತ್ತುವ ಚಕ್ರ ಮಾತ್ರ ಸ್ವಲ್ಪ ಭಾರದ್ದೇ ಬೇಕಿತ್ತು, ಉದ್ದನೆಯ ಕೋಲು ಮೂತಿ ಕೆಳಗೆ ಮಾಡದ ಹಾಗೆ.

"ಮೀನೇ ಬೇಡ ಅಂದ್ಮೇಲೆ ಕೋಲು ಎಷ್ಟುದ್ದ ಇದ್ರೆ ಎಂತ ಮಾರಾಯ," ಎಂದಿದ್ದ ದೇವರಾಜ. ಅವನು ಹೇಮಾವತಿಯ ದಡದಲ್ಲಿ ಬಿದಿರುಕಡ್ಡಿ, ಎರೆಹುಳು ಹಿಡಿದು ಕೂರುವ ಪೈಕಿ.

ಕೊರಿಯರ್ ಆಫೀಸಿನ ಮೂಲೆಯಲ್ಲಿ ಆಳುದ್ದದ ಪಿವಿಸಿ ಪೈಪೊಂದು ಗೋಡೆಗೊರಗಿ ನಿಂತಿತ್ತು. ಅದರ ಮೇಲೆ ಅಂಗೈಯಗಲದ ಸ್ಟಿಕರು. ಸ್ಟಿಕರಿನಲ್ಲೊಂದು ಮೀನು ನೀರಿನಿಂದ ಜಿಗಿದು, ಬಾಯಿ ತೆರೆದು, ನೆಟ್ಟಗೆ ಶಶಿಕಿರಣನನ್ನೇ ನೋಡುತ್ತಿತ್ತು.

"ರೇವತಿ, ಇದಕ್ಕೆ ಸುತ್ತೋಕೆ ಪೇಪರ್ ಇದೆಯೇನಮ್ಮ?"

"ಯಾಕೆ ಸರ್?"

"ಧೂಳು."

ರೇವತಿ ಉಪಕಾರಿ ಹೆಂಗಸು. ಖಾಕಿ ಪೇಪರ್ ತಂದು ಮೇಲಿಂದ ಕೆಳಗೆ ಸುತ್ತಿ, ಟೇಪು ಹಚ್ಚಿ, ಮಗುವಿಗೆ ಸ್ವೆಟರ್ ತೊಡಿಸಿದಷ್ಟು ನೀಟಾಗಿ ಮಾಡಿಕೊಟ್ಟಳು. ಮೀನು ಮರೆಯಾಯಿತು. ಶಶಿಕಿರಣ ಉಸಿರು ಬಿಡುವಷ್ಟರಲ್ಲಿ ಬಾಗಿಲಲ್ಲಿ ಜಾವಳಿಯ ಲಿಂಗಪ್ಪ ಕಾಣಿಸಿಕೊಂಡ. ಅಡಿಕೆ ಬೆಳೆಗಾರ, ದೊಡ್ಡ ಗಂಟಲಿನವನು.

"ಓ ಶಶಿಯಣ್ಣ, ನೀವೂ ದೋಟಿ ತರಿಸಿದ್ರಂತೆ."

"ಯಾರು ಹೇಳಿದ್ರು?"

"ರೇವತಿ. ನಂದೂ ಇವತ್ತೇ ಬಂತು ನೋಡಿ." ಒಳಗಿನಿಂದ ರೇವತಿ ಎಳೆದು ತಂದ ಇನ್ನೊಂದು ಪಿವಿಸಿ ಪೈಪನ್ನು ತೋರಿಸಿದ. "ನಿಮ್ದಕ್ಕೆ ಪೇಪರ್ ಸುತ್ತಿದೀರಲ್ಲ. ಧೂಳಿಗಾ? ನಂದಕ್ಕೂ ಸುತ್ತಮ್ಮ ಹಾಗಾದ್ರೆ. ಶಶಿಯಣ್ಣ, ನಿಮ್ದು ಎಷ್ಟಡಿ?"

"ಹದಿಮೂರು."

"ಹದಿಮೂರಡಿಗೆ ಯಾವ ಅಡಿಕೆ ಸಿಗುತ್ತೆ ಮಾರಾಯ್ರೆ?"

"ಗಿಡ್ಡ ತಳಿ."

"ತೂಕ?"

"ಏಳು," ಎಂದುಬಿಟ್ಟ ಶಶಿಕಿರಣ, ಒಂದು ವರ್ಷದ ಅಭ್ಯಾಸಬಲದಿಂದ.

"ಏಳು ಕೇಜಿನಾ?" ಲಿಂಗಪ್ಪನ ಹುಬ್ಬು ಮೇಲೇರಿತು. "ಅದನ್ನ ಎತ್ತೋದು ಹೇಗೆ?"

"ಎರಡು ಕೈಯಲ್ಲಿ."

ಲಿಂಗಪ್ಪನಿಗೆ ನಿಜಕ್ಕೂ ಮರುಕ ಹುಟ್ಟಿತು. ಹದಿಮೂರಡಿಗೆ ಏಳು ಕೇಜಿಯ ದೋಟಿ ಕೊಂಡವನಿಂದ ಪೈಪು ಹೊರಿಸಬಾರದೆಂದು, ಇವನು ರೇವತಿಗೆ ಓಟಿಪಿ ಹೇಳುತ್ತಿರುವಾಗಲೇ, ಎರಡೂ ಪೈಪನ್ನು ಹೆಗಲಿಗೇರಿಸಿಕೊಂಡು ಹೊರಗೆ ಹೋಗಿ ಒಂದನ್ನು ಶಶಿಕಿರಣನ ಜೀಪಿಗೂ ಒಂದನ್ನು ತನ್ನ ಪಿಕಪ್ಪಿಗೂ ಕಟ್ಟಿದ. ಆ ಹೊತ್ತಿಗೆ ಶಶಿಕಿರಣನಿಗೆ ಅವನ ಮೇಲೆ ಪ್ರೀತಿಯೇ ಬಂತು.

ಪೈಪನ್ನು ತೋಟದ ಪಲ್ಪರ್ ಮನೆಯಲ್ಲಿ ಬಚ್ಚಿಟ್ಟು, ದೋಟಿಯಲ್ಲಿ ಏನೋ ದೋಷ ಇತ್ತು, ವಾಪಸ್ ಕಳಿಸಿದೆ ಎಂದು ಹೇಳಿದರಾಯಿತು ಎಂಬುದು ದಾರಿಯುದ್ದಕ್ಕೂ ಅವನು ಹೊಸೆದ ಉಪಾಯ. ಗೇಟಿನಲ್ಲೇ ಅದು ಮುರಿದುಬಿತ್ತು. ಗಿರಿಜಾಂಬಾ ನಿಂತಿದ್ದರು. ಪಕ್ಕದಲ್ಲಿ ಸರೋಜಮ್ಮ, ಒಂದು ಖಾಲಿ ಗೋಣಿಚೀಲ ಹಿಡಿದು. ಅವರ ಹಿಂದೆ ಕೇರಿಯ ಅರ್ಧ ಜನ. ಕಣದ ಕಟ್ಟೆಯ ಮೇಲೆ, ಒಣಗಲು ಹರಡಿದ ಕಾಫಿಯ ಅಂಚಿನಲ್ಲಿ, ದೇವರಾಜ ಕೂಡ ಬಂದು ಕೂತಿದ್ದ. ರೇವತಿಯ ಆಫೀಸಿನಿಂದ ಸುದ್ದಿ ಯಾವಾಗಲೂ ಪಾರ್ಸೆಲಿಗಿಂತ ಮೊದಲು ತಲುಪುತ್ತದೆ.

"ದೋಟಿ ತಂದ್ಯಂತೆ," ಎಂದ ದೇವರಾಜ, ಜೀಪಿನ ಬಳಿ ಬಂದು ತಗ್ಗಿದ ದನಿಯಲ್ಲಿ. "ಅದು ಆ ಕೆನಡಾ ಕೋಲಲ್ವಾ?"

"ಬಾಯಿ ಬಿಡಬೇಡ ದಮ್ಮಯ್ಯ."

"ನಾನ್ಯಾಕೆ ಬಿಡ್ಲಿ," ಎಂದು ದೇವರಾಜ ವಾಪಸು ಹೋಗಿ ಕಟ್ಟೆಯ ಮೇಲೆ ಇನ್ನಷ್ಟು ಆರಾಮಾಗಿ ಕೂತ. ಬಿಟ್ಟಿ ನಾಟಕಕ್ಕೆ ಮೊದಲ ಸಾಲಿನ ಕುರ್ಚಿ ಸಿಕ್ಕವನ ಮುಖ ಅವನದಾಗಿತ್ತು.

"ಸರೋಜಮ್ಮನ ತೋಟಕ್ಕೆ ನಾಳೆ ನೋಡೋಣಮ್ಮ," ಎಂದ ಶಶಿಕಿರಣ. "ಇವತ್ತು ದಿನ ಅಷ್ಟು ಸರಿಯಿಲ್ಲ."

ಇದು ಅವನು ಮಾಡಿದ ಎರಡನೆಯ ತಪ್ಪು. ದಿನದ ವಿಷಯ ಎತ್ತಿದರೆ ಗಿರಿಜಾಂಬಾ ಸುಮ್ಮನೆ ಬಿಡುವವರಲ್ಲ. "ದಿನ ಚೆನ್ನಾಗೇ ಇದೆ, ರಾಹುಕಾಲ ಇದೆ ಅಷ್ಟೆ," ಎಂದರು. "ಅದು ಕಳೀಲಿ. ಅಷ್ಟರಲ್ಲಿ ಎಲ್ಲರ ಊಟ ಆಗ್ಲಿ. ಆಮೇಲೆ ಪೂಜೆ ಮಾಡೇ ತೆಗೆಯೋಣ. ಅಲ್ಲೀವರೆಗೆ ದೇವರ ಕೋಣೇಲಿರ್ಲಿ."

ಪೈಪು ದೇವರ ಕೋಣೆಗೆ ಹೋಯಿತು. ಶಶಿಕಿರಣ ಅನ್ನ ಕಲೆಸುತ್ತ ದೇವರ ಕೋಣೆಯ ಬಾಗಿಲನ್ನೇ ನೋಡುತ್ತ ಕೂತ. ಕೇರಿಯವರೆಲ್ಲ ಜಗಲಿಯಲ್ಲಿ ಕೂತು ಚೆನ್ನಾಗಿ ಉಂಡರು. ದೇವರಾಜ ಎರಡು ಸಲ ಸಾರು ಹಾಕಿಸಿಕೊಂಡ.

ಊಟವಾದ ಮೇಲೆ ಗಿರಿಜಾಂಬಾ ಮಿಂದು ಬಂದರು. ಪೈಪನ್ನು ನಡುಮನೆಗೆ ತರಿಸಿ ಮಣೆಯ ಮೇಲೆ ಮಲಗಿಸಿದರು. ಖಾಕಿ ಪೇಪರಿನ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದರು. ಕುಂಕುಮವಿಟ್ಟು, ದಾಸವಾಳ ಸಿಕ್ಕಿಸಿ, ಊದುಬತ್ತಿ ಬೆಳಗಿದರು. ಬಾಯಿ ತೆರೆದ ಮೀನು ಪೇಪರಿನಡಿಯಲ್ಲಿ ವಿಭೂತಿ ಧರಿಸಿ ಮಲಗಿದೆ ಎಂಬ ಚಿತ್ರ ಶಶಿಕಿರಣನ ಕಣ್ಣಿಗೆ ಕಟ್ಟಿತು.

"ಮೊದಲ ಗೊನೆ ಶಿವನಿಗೆ," ಎಂದರು ಗಿರಿಜಾಂಬಾ. "ಎರಡನೇದು ಸರೋಜಮ್ಮಂಗೆ. ಆಮೇಲೆ ಕೇರಿಯಲ್ಲಿ ಯಾರು ಕೇಳಿದ್ರೂ ಇಲ್ಲ ಅನ್ನೋದಿಲ್ಲ ನನ್ನ ಮಗ." ಹಾಗೆಂದು ಕಣ್ಣಿಗೆ ನೀರು ತಂದುಕೊಂಡು, ಪೈಪಿಗೆ ಹಣೆ ಮುಟ್ಟಿಸಿ ನಮಸ್ಕರಿಸಲು ಬಾಗಿದರು.

ಅದನ್ನು ಅವನಿಂದ ನೋಡಲಾಗಲಿಲ್ಲ. ಎಪ್ಪತ್ತು ದಾಟಿದ ತಾಯಿಯ ಹಣೆ ಮೀನಿನ ಕೋಲಿಗೆ ತಾಗುವುದೆಂದರೆ, ಅದಕ್ಕಿಂತ ಅವರು ಮಾತು ಬಿಡುವುದೇ ಮೇಲು.

"ಅಮ್ಮ, ತಡಿ," ಎಂದ. "ಅದು ದೋಟಿ ಅಲ್ಲ."

ಗಿರಿಜಾಂಬಾ ಬಾಗಿದಲ್ಲೇ ನಿಂತರು.

"ಅದು ಮೀನು ಹಿಡಿಯೋ ಕೋಲು. ನಾನೇ ತರಿಸಿದ್ದು. ಹಿಡಿದ್ರೂ ಬಿಡ್ತೀನಮ್ಮ, ತಿನ್ನಲ್ಲ. ಬೆಳಿಗ್ಗೆ ಹೆದರಿ ದೋಟಿ ಅಂದೆ. ತಪ್ಪಾಯ್ತು."

ಸೌಮ್ಯ ಕಣ್ಣಲ್ಲೇ ಶಹಬ್ಬಾಸ್ ಎಂದಳು. ಶಶಿಕಿರಣನ ಎದೆಯ ಮೇಲಿಂದ ಕಾಫಿ ಮೂಟೆ ಇಳಿದಂತಾಯಿತು. ಇನ್ನು ಮುಚ್ಚಿಡುವುದೇನಿದೆ ಎಂದು ಅವನೇ ಮುಂದೆ ಬಂದು ಪೇಪರು ಹರಿದ, ಪೈಪಿನ ಮುಚ್ಚಳ ಕಿತ್ತ, ಒಳಗಿನದನ್ನು ಹೊರಗೆಳೆದ.

ಹೊರಬಂದದ್ದು ದಪ್ಪನೆಯ ಕರಿ ಕೊಳವೆಗಳು, ಒಂದು ಕೊಕ್ಕೆ, ಒಂದು ಬಾಗಿದ ಕತ್ತಿ. ಜೊತೆಗೆ ಒಂದು ಕಾಗದ. ಕಾಗದದಲ್ಲಿ ಅಡಿಕೆ ಮರದ ಚಿತ್ರ, ಅದರ ಕೆಳಗೆ ನಗುತ್ತ ದೋಟಿ ಹಿಡಿದು ನಿಂತ ರೈತ.

ಶಶಿಕಿರಣ ಪೈಪಿನೊಳಗೆ ಇಣುಕಿದ. ತಲೆಕೆಳಗು ಮಾಡಿ ಕೊಡವಿದ. ಏನೂ ಬೀಳಲಿಲ್ಲ. ಎರಡು ಪೈಪು, ಎರಡಕ್ಕೂ ಖಾಕಿ ಪೇಪರು, ಲಿಂಗಪ್ಪನ ಹೆಗಲು, ಎಲ್ಲ ಒಟ್ಟಿಗೆ ನೆನಪಾದವು.

ಮೊದಲು ಮಾತಾಡಿದ್ದು ಸರೋಜಮ್ಮ. "ಕೊಡೋಕೆ ಮನಸ್ಸಿಲ್ಲ ಅಂದ್ರೆ ಇಲ್ಲ ಅಂದಿದ್ರೆ ಆಗ್ತಿತ್ತು ಶಶಿ. ನಾನೇನು ತಪ್ಪು ತಿಳ್ಕೋತಿರ್ಲಿಲ್ಲ." ಅವರು ಗೋಣಿಚೀಲ ಮಡಚತೊಡಗಿದರು. "ಅದಕ್ಕೋಸ್ಕರ ಮೀನು ಗೀನು ಅಂತ ಎಲ್ಲ ಹೇಳೋದು ಬೇಡ್ವಾಗಿತ್ತು."

"ಅಯ್ಯೋ ಹಾಗಲ್ಲ ಸರೋಜಮ್ಮ," ಎಂದ ಶಶಿಕಿರಣ.

"ಹೋದ ವರ್ಷ ಮೆಣಸಿನ ಏಣಿ ಕೇಳಿದಾಗ್ಲೂ ಗೆದ್ದಲು ಹಿಡಿದಿದೆ ಅಂದಿದ್ದ," ಎಂದು ಹಿಂದಿನಿಂದ ಯಾರೋ ನೆನಪಿಸಿದರು.

ಏಣಿಗೆ ನಿಜವಾಗಿಯೂ ಗೆದ್ದಲು ಹಿಡಿದಿತ್ತು. ಅದನ್ನು ಈಗ ಹೇಳಿ ಪ್ರಯೋಜನವಿರಲಿಲ್ಲ.

ಗಿರಿಜಾಂಬಾ ನಿಧಾನಕ್ಕೆ ಮಣೆಯ ಪಕ್ಕ ಕೂತರು. "ಒಂದು ದೋಟಿ ಉಳಿಸ್ಕೊಳ್ಳೋಕೆ, ದೇವರ ಎದುರಿಗೆ ನಿಂತು, ಮೀನು ಹಿಡೀತೀನಿ ಅಂತ ಸುಳ್ಳು ಹೇಳಿದ್ಯಲ್ಲೋ ಶಶಿ," ಎಂದರು. "ನಿಜವಾಗ್ಲೂ ಮೀನು ಹಿಡಿದಿದ್ರೂ ನಂಗಿಷ್ಟು ಬೇಜಾರಾಗ್ತಿರ್ಲಿಲ್ಲ."

ಶಶಿಕಿರಣನ ಕೈ ಜೇಬಿನ ಮೊಬೈಲಿಗೆ ಹೋಯಿತು. ಅದರಲ್ಲಿ ಅಂಗಡಿಯವರ ಮೆಸೇಜಿತ್ತು, ಕೋಲಿನ ಫೋಟೋ ಸಮೇತ. ತೋರಿಸಿದರೆ ಜಿಪುಣ ಅಲ್ಲ ಎಂದು ಸಾಬೀತಾಗುತ್ತದೆ, ಮೀನುಗಾರ ಎಂದೂ ಆಗುತ್ತದೆ. ಅಮ್ಮ ಈಗ ಹೇಳಿದ್ದು ಸಿಟ್ಟಿನ ಮಾತು. ಫೋಟೋ ನೋಡಿದ ಮೇಲೆ ಅದೇ ಮಾತು ನಿಲ್ಲುವುದೆಂದು ಏನು ಭರವಸೆ? ಸುಮ್ಮನಿದ್ದರೆ ಗುಟ್ಟು ಉಳಿಯುತ್ತದೆ. ತಾಯಿಗೆ ಮಗನ ಶುದ್ಧತೆಯ ಮೇಲೆ ಎಷ್ಟು ನಂಬಿಕೆಯೋ ಊರಿಗೆ ಅವನ ಜಿಪುಣತನದ ಮೇಲೆ ಅಷ್ಟೇ ನಂಬಿಕೆ. ಇವೆರಡರ ನಡುವೆ ನಿಜಕ್ಕೆ ಕಾಲೂರಲು ಜಾಗವಿರಲಿಲ್ಲ. ಅವನು ಖಾಲಿ ಕೈಯನ್ನು ಜೇಬಿನಿಂದ ತೆಗೆದ.

"ಹೌದಮ್ಮ," ಎಂದ. "ಕೊಡೋಕೆ ಮನಸ್ಸಿರ್ಲಿಲ್ಲ."

ನೋಡಿ, ಈಗ ನಿಜ ಬಂತು ಬಾಯಿಗೆ ಎಂದು ಎಲ್ಲರಿಗೂ ಸಮಾಧಾನವಾಯಿತು. ಗಿರಿಜಾಂಬಾ ಕಣ್ಣೊರೆಸಿಕೊಂಡು ಶಿಕ್ಷೆ ವಿಧಿಸಿದರು. "ಏಳು. ಈಗ್ಲೇ ಸರೋಜಮ್ಮನ ಅಡಿಕೆ ಕೊಯ್ದು ಕೊಡ್ಬೇಕು. ನೀನೇ. ನಾನು ನಿಂತು ನೋಡ್ತೀನಿ."

ಮೆರವಣಿಗೆ ಸರೋಜಮ್ಮನ ಹಿತ್ತಿಲಿಗೆ ಹೊರಟಿತು. ನಿಜ ಹೇಳಬೇಕೆಂದರೆ ಶಶಿಕಿರಣನಿಗೆ ಒಳಗೊಳಗೇ ಖುಷಿಯೇ ಆಗಿತ್ತು. ಜಿಪುಣ ಎಂಬ ಹೆಸರು ನಾಲ್ಕು ಗೊನೆ ಕೊಯ್ದರೆ ತೊಳೆದುಹೋಗುತ್ತದೆ. ಸಂಜೆ ಜಾವಳಿಗೆ ಹೋಗಿ ದೋಟಿ ಕೊಟ್ಟು ಕೋಲು ತಂದರಾಯಿತು. ಅವನು ಕೊಳವೆಗೆ ಕೊಳವೆ ಸೇರಿಸಿ, ಕತ್ತಿ ಬಿಗಿದು, ದೋಟಿಯನ್ನು ಮೊದಲ ಮರದ ನೆತ್ತಿಗೆ ಎತ್ತುವ ಹೊತ್ತಿಗೆ ಜೇಬಿನಲ್ಲಿ ಮೊಬೈಲು ಹೊಡೆದುಕೊಂಡಿತು. ಕೈ ಖಾಲಿಯಿರಲಿಲ್ಲವಾಗಿ ದೇವರಾಜನೇ ಮೊಬೈಲು ಹೊರತೆಗೆದು ಸ್ಪೀಕರ್ ಒತ್ತಿದ.

"ಶಶಿಯಣ್ಣ, ಲಿಂಗಪ್ಪ," ಎಂದು ಇಡೀ ಹಿತ್ತಿಲು ಕೇಳುವಂತೆ ಮೊಬೈಲು ಹೇಳಿತು. "ನಮ್ಮಿಬ್ಬರ ದೋಟಿ ಅದಲುಬದಲಾಗಿದೆ ಮಾರಾಯ್ರೆ. ನಿಮ್ಮ ಗೇಟಿನ ಹತ್ರಾನೇ ಇದೀನಿ. ಎಲ್ಲಿದೀರಿ?"

ಲಿಂಗಪ್ಪ ಬಂದೇಬಿಟ್ಟ, ಹೆಗಲ ಮೇಲೆ ಪೈಪು. ಸ್ಟಿಕರು ಖಾಕಿ ಪೇಪರಿನ ಜೊತೆಗೆ ಹರಿದುಹೋಗಿತ್ತು, ಅಷ್ಟು ಪುಣ್ಯ.

"ನಿಮ್ದು ಯಾವ ಮಾಡೆಲೋ ನಂಗರ್ಥ ಆಗ್ಲಿಲ್ಲ," ಎಂದ ಲಿಂಗಪ್ಪ. "ಕತ್ತಿ ಕಟ್ಟಿ ಗೊನೆಗೆ ಹಾಕಿ ಎಳೆದೆ. ಕೋಲು ಬಗ್ಗಿ ಬಗ್ಗಿ ಮೂತಿ ನಮ್ಮನೆಯವಳ ಕಾಲ ಹತ್ರ ಬಂತು. ಮುರೀಲಿಲ್ಲ, ಮಾಲು ಗಟ್ಟಿ. ಚಕ್ರ, ದಾರ ಎಲ್ಲ ಇದೆ. ಏಳು ಕೇಜಿ ಅಂತೂ ಇಲ್ಲ, ನಿಮ್ಗೆ ತೂಕದಲ್ಲಿ ಮೋಸ ಮಾಡಿದಾರೆ."

ಅವನು ತನ್ನ ದೋಟಿಯನ್ನು ಬಿಚ್ಚತೊಡಗಿದ. ಸರೋಜಮ್ಮ, ನಾಲ್ಕು ಮರ ಕೊಯ್ದು ಕೊಟ್ಟು ಹೋಗಪ್ಪ ಎಂದರು. "ನಮ್ಮನೇಲೇ ಉದುರ್ತಿದೆಯಮ್ಮ, ಆಗಲ್ಲ," ಎಂದು ಹೇಳಿ ಲಿಂಗಪ್ಪ ದೋಟಿ ಹೊತ್ತು ನಡೆದ. ಅವನನ್ನು ಯಾರೂ ಜಿಪುಣ ಎನ್ನಲಿಲ್ಲ. ನೇರ ಮನುಷ್ಯ ಎಂದು ಮೆಚ್ಚಿಕೊಂಡರು.

ಉಳಿದದ್ದು ಲಿಂಗಪ್ಪ ಪೈಪಿನಿಂದ ತೆಗೆದು, ಜೋಡಿಸಿ ತೋರಿಸಿ ಬಿಟ್ಟುಹೋದ ಕೋಲು. ತೆಳ್ಳಗೆ, ಕಡುಹಸಿರು ಬಣ್ಣದಲ್ಲಿ, ಬಿಸಿಲಿಗೆ ಮಿರುಗುತ್ತ ಅದು ಹುಲ್ಲಿನ ಮೇಲೆ ಮಲಗಿತ್ತು. ಒಂದು ವರ್ಷ ಬರೀ ಫೋಟೋದಲ್ಲಿ ನೋಡಿದ್ದು ಈಗ ಎದುರಿಗಿದ್ದರೂ ಶಶಿಕಿರಣನಿಗೆ ಅದನ್ನು ಮುಟ್ಟಲು ಧೈರ್ಯ ಸಾಲಲಿಲ್ಲ.

"ಇದ್ರಲ್ಲಿ ಅಡಿಕೆ ಬೀಳಲ್ಲಮ್ಮ," ಎಂದ ಕ್ಷೀಣವಾಗಿ.

"ಮತ್ತೆ ಶುರು ಮಾಡಿದ್ಯಾ?" ಗಿರಿಜಾಂಬಾ ಸೊಂಟಕ್ಕೆ ಕೈಯಿಟ್ಟರು. "ಅಡಿಕೆ ಬೀಳದ ದೋಟೀನ ಯಾಕೆ ತರಿಸ್ದೆ? ಮೀನು ಹಿಡಿಯೋಕಾ?"

ಹಿತ್ತಿಲಿಗೆ ಹಿತ್ತಿಲೇ ನಕ್ಕಿತು. ಶಶಿಕಿರಣ ಬಾಯಿ ತೆರೆದ, ಸ್ಟಿಕರಿನ ಮೀನಿನಂತೆ. ಮತ್ತೆ ಮುಚ್ಚಿದ.

"ಅಲ್ಲ," ಎಂದ.

"ಅದು ಕೆನಡಾ ದೋಟಿ ಗಿರಿಜಮ್ಮ," ಎಂದ ದೇವರಾಜ, ಗಂಭೀರವಾಗಿ. "ನಮ್ಮ ಹೋಂಸ್ಟೇಲಿ ಒಬ್ರ ಹತ್ರ ನೋಡಿದ್ದೆ. ಇದನ್ನ ಎಳೆಯೋದಲ್ಲ, ಬೀಸೋದು. ಎರಡು ಕೈಯಲ್ಲಿ. ದಾರ ಮೇಲೆ ಹೋಗಿ ಕೆಲಸ ಮಾಡುತ್ತೆ. ಸ್ವಲ್ಪ ತಾಳ್ಮೆ ಬೇಕು, ಸಾವಿರ ಸಲ ಬೀಸಿದ್ರೆ ಒಂದು ಅಂತಾರೆ."

"ತಾಳ್ಮೆ ನಮ್ಗಿದೆ," ಎಂದರು ಸರೋಜಮ್ಮ. ದಾರದ ತುದಿಗೆ ಏನಾದರೂ ಬೇಡವೇ ಎಂದು ಬಳೆಯಲ್ಲಿದ್ದ ಪಿನ್ನು ಬಿಚ್ಚಿ ತಾವೇ ಕಟ್ಟಿದರು. ಗೋಣಿಚೀಲವನ್ನು ಮತ್ತೆ ಬಿಡಿಸಿದರು.

ಶಶಿಕಿರಣ ಕೋಲೆತ್ತಿಕೊಂಡ. ಮೊದಲ ಸಲ ಬೀಸಿದಾಗ ಪಿನ್ನು ಹೋಗಿ ದೇವರಾಜನ ಟೋಪಿ ಕಿತ್ತುಕೊಂಡು ಬಂತು. ಎರಡನೆಯ ಸಲ ಸರೋಜಮ್ಮನ ಹಗ್ಗದ ಮೇಲೆ ಒಣಗುತ್ತಿದ್ದ ಸೀರೆ ಬಂತು. ಆಮೇಲೆ ದಾರ ಅವನ ಕಿವಿಗೆ ಸುತ್ತಿಕೊಂಡಿತು, ಸೌಮ್ಯಳ ಜಡೆಗೆ ಸಿಕ್ಕಿತು, ಬೇಲಿಯ ಮೇಲೆ ಕೂತಿದ್ದ ಕೋಳಿಯೊಂದನ್ನು ಅವಮಾನಿಸಿ ಓಡಿಸಿತು. ತಪ್ಪನ್ನೆಲ್ಲ ಕ್ಷಮಿಸುವ ದಾರ ಎಂದ ವಿಡಿಯೋದವನಿಗೆ ಅವನು ಮನಸ್ಸಿನಲ್ಲೇ ಶಾಪ ಹಾಕಿದ. ಕೇರಿಯವರು ಕಲ್ಲು, ಕಟ್ಟಿಗೆ ಹುಡುಕಿ ಕೂತರು. ಯಾರಿಗೂ ಎದ್ದುಹೋಗುವ ಅವಸರವಿರಲಿಲ್ಲ.

"ಇನ್ನೂ ಮೇಲೆ ಬೀಸು ಶಶಿ."

"ಎಡಕ್ಕೆ ಹೋಗ್ತಿದೆ ನೋಡು."

"ಕೆನಡಾದಲ್ಲಿ ಅಡಿಕೆ ಬೆಳೀತಾರಾ ದೇವರಾಜ?"

"ಬೆಳೀದೆ? ಇಷ್ಟೆಲ್ಲ ದೋಟಿ ಮತ್ತೆ ಯಾಕೆ ಮಾಡ್ತಾರೆ."

ಬಿಸಿಲು ಇಳಿಯುತ್ತಿತ್ತು. ಭುಜ ಸೋತು, ಸಿಟ್ಟೂ ಸೋತು, ಯಾರು ನೋಡುತ್ತಿದ್ದಾರೆಂಬುದೂ ಮರೆತುಹೋದ ಒಂದು ಗಳಿಗೆಯಲ್ಲಿ ಕೋಲು ತಾನಾಗಿ ಬಾಗಿತು. ದಾರ ಅವನ ಪಕ್ಕದಲ್ಲೊಂದು ಸುತ್ತು ಹಾಕಿ, ಬಿಚ್ಚಿಕೊಳ್ಳುತ್ತ ಬಿಚ್ಚಿಕೊಳ್ಳುತ್ತ ಅಡಿಕೆ ಮರಗಳ ನಡುವೆ ಮೇಲೇರಿತು, ಹುಲ್ಲುಗುಡ್ಡದ ಮೇಲೆ ಅಂದು ಕಂಡಂತೆಯೇ. ಶಶಿಕಿರಣನ ಕಣ್ಣು ಮತ್ತೆ ತುಂಬಿತು. ಅಮ್ಮ, ಊರು, ಸುಳ್ಳು ಎಲ್ಲ ಆ ಗಳಿಗೆಗೆ ಇಲ್ಲವಾಗಿ ಅವನು ಪೂರ್ತಿ ಸುಖಿಯಾಗಿದ್ದ.

ಪಿನ್ನು ಒಂದು ಗೊನೆಗೆ ಮೆಲ್ಲಗೆ ತಾಗಿ ಜಾರಿತು. ಮೊದಲೇ ಉದುರಲು ಕಾಯುತ್ತಿದ್ದ ಒಂದು ಹಣ್ಣಡಿಕೆ ಟಪ್ಪೆಂದು ನೆಲಕ್ಕೆ ಬಿತ್ತು.

ಸರೋಜಮ್ಮ ಅದನ್ನು ಹೆಕ್ಕಿ, ಸೆರಗಿನಲ್ಲಿ ಒರೆಸಿ, ಎಲ್ಲರಿಗೂ ಎತ್ತಿ ತೋರಿಸಿ ಗೋಣಿಚೀಲದೊಳಗೆ ಹಾಕಿದರು. ಅಷ್ಟು ದೊಡ್ಡ ಚೀಲದಲ್ಲಿ ಅದು ಎಲ್ಲಿ ಹೋಯಿತೆಂದು ಕಾಣಲಿಲ್ಲ.

ಗಿರಿಜಾಂಬಾ ಮಗನ ಹತ್ತಿರ ಬಂದರು. ಅವರ ಕಣ್ಣಲ್ಲೂ ನೀರಿತ್ತು. ಮಗನ ಬೆನ್ನ ಮೇಲೆ ಕೈಯಿಟ್ಟರು.

"ನೋಡಿದ್ಯಾ," ಎಂದರು. "ದೋಟಿ ಅಲ್ಲ ಅಂದ್ಯಲ್ಲೋ. ಬೀಸು, ಇನ್ನೂ ಮರದ ತುಂಬ ಇದೆ."